ಕಡತವೂ ಬಳಪವೂ

ಸರ್ಕಾರಿ ಕಛೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ‘ಕಡತ’ ಎಂಬ ಮಾತು ಚಿರಪರಿಚಿತ. ‘ಕಡತ ಸಿಕ್ಕುತ್ತಿಲ್ಲ’ ಎಂಬ ಉತ್ತರ ಕೇಳಿ ಬೇಸತ್ತವರೂ ಉಂಟು. ಆದರೆ ಈ ಹೆಸರು ಮೊದಲು ಸಂದದ್ದು ಕಾಗದದ ಕಟ್ಟಿಗಲ್ಲ, ಬಟ್ಟೆಯ ಪುಸ್ತಕಕ್ಕೆ.

೮ ಅಂಗುಲದಿಂದ ಒಂದಡಿ ಅಗಲ, ೧೨ರಿಂದ ೧೮ ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡು ಮಗ್ಗುಲಿಗೂ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಬಳಿದು ಒಣಗಿಸುತ್ತಿದ್ದರು. ಬಳಿಕ ಕತ್ತರಿಸದೆಯೇ ಸಮನಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದರೆ ಕಡತ ಸಿದ್ಧ. ಬರೆಯುವುದಕ್ಕೆ ಬಳಪದ ಕಡ್ಡಿ. ಹೊಯ್ಸಳ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಕೆತ್ತಿದ್ದೂ ಬಳಪದ ಕಲ್ಲನ್ನೇ. ಅಲ್ಲಿ ಉಳಿಯ ಏಟಿಗೆ ಮೈಯೊಡ್ಡಿದ ಕಲ್ಲು, ಇಲ್ಲಿ ತಾನೇ ಲೇಖನಿಯಾಗಿ ಕಪ್ಪು ಬಟ್ಟೆಯ ಮೇಲೆ ಬಿಳಿಯ ಗೆರೆ ಎಳೆಯಿತು.

ಸಾಧನಕ್ಕೆ ತಕ್ಕ ಗೆರೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಕಾಡಿಗೆ ತೀಡಿದರೆ ಅಕ್ಷರ ಮೂಡುತ್ತದೆ, ಕೊರೆದದ್ದನ್ನು ಅಳಿಸುವಂತಿಲ್ಲ. ಹಾಗಾಗಿ ಕಾವ್ಯಶಾಸ್ತ್ರಗಳಿಗೆ ಗರಿ ಒಪ್ಪಿತು. ಕಡತದ ಮೇಲಾದರೋ ಕೈ ತಡೆಯಿಲ್ಲದೆ ಓಡುತ್ತದೆ. ತಪ್ಪಿದರೆ ಒರಸಿ ಮತ್ತೆ ಬರೆಯಬಹುದು. ಲೆಕ್ಕಪತ್ರಗಳಿಗೆ ಇದಕ್ಕಿಂತ ಅನುಕೂಲವಾದುದು ಬೇರೇನು?

ಆದರೆ ಅನುಕೂಲದಲ್ಲಿಯೇ ಅಪಾಯವೂ ಇತ್ತು. ಒರಸಬಲ್ಲ ಲೆಕ್ಕವನ್ನು ನಂಬುವುದು ಹೇಗೆ? ಟೀಪು ಸುಲ್ತಾನ್ ಸರ್ಕಾರದ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದೆಂದು ನಿಷೇಧಿಸಿದನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಈ ಸಂಗತಿಯನ್ನು ಹೇಳಿ, ಮೈಸೂರು ಸೀಮೆಯ ವರ್ತಕರೂ ಅಂಗಡಿಕಾರರೂ ಇನ್ನೂ ಕಡತವನ್ನೇ ಬಳಸುತ್ತಿದ್ದರೆಂದು ಬರೆದಿದ್ದಾನೆ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ದಾಖಲಾಗಿದ್ದ ಸಾಲಪತ್ರವನ್ನು ವಿಚಾರಣೆಯಲ್ಲಿ ಪುರಾವೆಯಾಗಿ ಒಪ್ಪಿಕೊಂಡದ್ದನ್ನು ಅವನೇ ಕಂಡಿದ್ದನು. ಕಲ್ಲು, ತಾಮ್ರಗಳನ್ನು ಬಿಟ್ಟರೆ ಕಡತವೇ ಹೆಚ್ಚು ಬಾಳಿಕೆಯದೆಂಬುದು ಅವನ ಅಭಿಪ್ರಾಯ. ಒರಸಬಹುದಾದದ್ದೇ ಉಳಿಯುವುದೂ ಆಗಿತ್ತು! ಬಟ್ಟೆ ಅಳಿಸಲು ಬಿಟ್ಟರೂ ಊರಿನ ನಾಲ್ಕು ಜನರ ಕಣ್ಣು ಬಿಡುತ್ತಿರಲಿಲ್ಲ.

ಯಾವ ನೆಲದ ಮೇಲೆ ಯಾವ ಸಾಧನದಿಂದ ಗುರುತು ಮೂಡಿಸಬೇಕೆಂಬ ಪ್ರಶ್ನೆ ಈಚಿನ ಪರಿಕಲ್ಪನಾತ್ಮಕ ಕಲೆಯಲ್ಲಿಯೂ ಮುಖ್ಯವಾಗಿದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲಸಿದ ಶೀಲಾ ಗೌಡ ಅವರು ೧೯೯೦ರ ದಶಕದಲ್ಲಿ ತೈಲವರ್ಣದಿಂದ ಹೊರಳಿ ಸಗಣಿಯನ್ನೇ ಕಲೆಯ ಸಾಮಗ್ರಿಯಾಗಿ ಮಾಡಿಕೊಂಡರು. ಬಣ್ಣ ಬದಲಾದಾಗ ಚಿತ್ರದ ಅರ್ಥವೂ ಬದಲಾಗುತ್ತದೆ. ಬಟ್ಟೆಗೆ ಇದ್ದಿಲು ಬಳಿದ ನಮ್ಮ ಹಿರಿಯರು ಕಲೆಯ ಮಾತೆತ್ತಲಿಲ್ಲ; ಆದರೆ ನೆಲ ಬದಲಾದರೆ ಬರಹದ ಬೆಲೆಯೂ ಬದಲಾಗುತ್ತದೆಂಬುದನ್ನು ಬಲ್ಲವರಾಗಿದ್ದರು.

ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ಆದರೆ ಕಡತಗಳಲ್ಲಿ ಕಾಣುವ, ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡ ಮೋಡಿ ಬರಹವನ್ನು ಸರಾಗವಾಗಿ ಓದಬಲ್ಲವರು ವಿರಳರಾಗಿದ್ದಾರೆ. ಕಡತವೆಂಬ ಹೆಸರು ಕಾಗದವನ್ನೂ ದಾಟಿ ಗಣಕಯಂತ್ರದ ಪರದೆಗೆ ಏರಿದೆ. ಬಟ್ಟೆಯ ಮೇಲಿನ ಅಕ್ಷರಗಳು ಮಾಸಲಿಲ್ಲ. ಓದುವ ಕಣ್ಣುಗಳನ್ನು ನಾವು ಬೆಳೆಸದೆ ಹೋದರೆ, ಯಾರೂ ಒರಸದೆಯೇ ಅವು ಅಳಿಸಿಹೋದಂತೆ.