ಸೀಬೆಕುಡಿಯ ವಯಸ್ಸು: ಕನ್ನಡನಾಡಿನ ಮನೆಮದ್ದಿನ ಚರಿತ್ರೆಯ ಕೆಲವು ಪದರಗಳು

ಹೊಟ್ಟೆ ಕೆಟ್ಟರೆ ಸೀಬೆಗಿಡದ ಕುಡಿ ಅಗಿಯಬೇಕೆಂಬುದು ಬಯಲುಸೀಮೆಯಿಂದ ಕರಾವಳಿಯವರೆಗೆ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹೊಲದಲ್ಲಿ ಕುಡುಗೋಲು ತಾಗಿದರೆ ಬದುವಿನ ಮೇಲಿನ ಟ್ರೈಡ್ಯಾಕ್ಸ್ ಸೊಪ್ಪನ್ನು ಅಂಗೈಯಲ್ಲಿ ಹೊಸಕಿ ಗಾಯದ ಮೇಲೆ ರಸ ಹಿಂಡುತ್ತಾರೆ. ಮಲೆನಾಡಿನಲ್ಲಾದರೆ ಆ ಕೆಲಸಕ್ಕೆ ಕಮ್ಯುನಿಸ್ಟ್ ಗಿಡವಿದೆ. ಯಾವಾಗಿನಿಂದ ಎಂದು ಕೇಳಿದರೆ ಅಜ್ಜ ಮುತ್ತಜ್ಜಂದಿರ ಕಾಲದಿಂದ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಈ ಮೂರೂ ಗಿಡಗಳ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳು ಬರುವ ಮೊದಲು ಇಲ್ಲಿ ಸೀಬೆ ಇರಲಿಲ್ಲ. ಕಮ್ಯುನಿಸ್ಟ್ ಗಿಡವಂತೂ ನಮ್ಮ ಕಾಡಂಚುಗಳನ್ನು ಆವರಿಸಿದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಅಡುಗೆಮನೆಯ ಮಟ್ಟಿಗೆ ಇಂಥ ವಲಸೆಯ ಕಥೆಯನ್ನು ಬಿ.ಜಿ.ಎಲ್. ಸ್ವಾಮಿ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ' ಪುಸ್ತಕದಲ್ಲಿ ಹೇಳಿಯೇ ಇದ್ದಾರೆ. ಮದ್ದಿನ ಡಬ್ಬಿಗೂ ಅದೇ ಪ್ರಶ್ನೆಯನ್ನು ಹಾಕಿದರೆ, ಅನಾದಿಯೆಂದು ನಾವು ನಂಬಿದ ಮನೆಮದ್ದು ನಿರಂತರವಾಗಿ ಬದಲಾಗುತ್ತ ಬಂದದ್ದು ಕಾಣುತ್ತದೆ.

ಬರವಣಿಗೆಯ ಸಾಕ್ಷ್ಯದಿಂದ ಹೊರಡೋಣ. ಕನ್ನಡದ ವೈದ್ಯಗ್ರಂಥಗಳಲ್ಲಿ ಹೆಚ್ಚಿನವು ವೈದ್ಯರಿಗಾಗಿ ಬರೆದವು. ಪೂಜ್ಯಪಾದನ ಸಂಸ್ಕೃತ ಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', 1360ರ ಸುಮಾರಿನ ಮಂಗರಾಜನ ವಿಷವೈದ್ಯದ ಗ್ರಂಥ 'ಖಗೇಂದ್ರಮಣಿದರ್ಪಣ', ಇವೆಲ್ಲ ಆ ಸಾಲಿನವು. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನ 'ಗೋವೈದ್ಯ' ದನಕರುಗಳಿಗೆ ಮೀಸಲು. ಗೃಹಸ್ಥನ ಕೈಗೆ ಎಟಕುವಂತಿರುವುದು ಎರಡನೆಯ ಚಾವುಂಡರಾಯನ 'ಲೋಕೋಪಕಾರ'. ಕಾಲ 1025ರ ಸುಮಾರು, ಆಶ್ರಯ ಕಲ್ಯಾಣ ಚಾಲುಕ್ಯ ಜಯಸಿಂಹನದು. ಅದರ ಹನ್ನೆರಡು ಅಧ್ಯಾಯಗಳಲ್ಲಿ ಜ್ಯೋತಿಷ್ಯ, ವಾಸ್ತು, ಅಂತರ್ಜಲ ಶೋಧ, ವೃಕ್ಷಾಯುರ್ವೇದ, ಸುಗಂಧದ್ರವ್ಯ ಮತ್ತು ಪಾಕದ ಜೊತೆಗೇ ನರವೈದ್ಯ, ಪಶುವೈದ್ಯ, ವಿಷವೈದ್ಯಗಳೂ ಇವೆ. ಒಳ್ಳೆಯ ಮೊಸರು ಹೆಪ್ಪು ಹಾಕುವುದನ್ನೂ ಕಾಯಿಲೆಗೆ ಕಷಾಯ ಕಾಸುವುದನ್ನೂ ಒಂದೇ ಮನೆವಾರ್ತೆಯ ಭಾಗವೆಂದು ಬಗೆದ ಈ ದೃಷ್ಟಿಯೇ, ನನ್ನ ಮಟ್ಟಿಗೆ, ಆ ಕೃತಿಯ ದೊಡ್ಡ ಬೆಲೆ.

ಆದರೂ ಗ್ರಂಥವನ್ನು ನಂಬಿ ಮನೆಯ ಚರಿತ್ರೆ ಬರೆಯುವುದು ಅಪಾಯ. ಕನ್ನಡ ವೈದ್ಯಸಾಹಿತ್ಯದ ತಳಪಾಯ ಜೈನರದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯ ಔಷಧದಲ್ಲಿ ಮಾಂಸ ಸಲ್ಲದೆಂದು ವಾದಿಸಲು ಒಂದು ಪ್ರಕರಣವನ್ನೇ ಮುಡಿಪಿಟ್ಟ. ಸೋಮನಾಥನ ಚಿಕಿತ್ಸೆಯೂ ಮದ್ಯಮಾಂಸಗಳನ್ನು ದೂರವಿಟ್ಟಿತು. ಮನೆಗಳು ಈ ಕಟ್ಟಳೆಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮಳೆಗಾಲದ ನೆಗಡಿಗೆ ಮಲೆನಾಡಿನ ಏಡಿಸಾರು, ಮೂಳೆ ಮುರಿದವರಿಗೆ ಮೇಕೆಯ ಕಾಲಿನ ಸಾರು, ಬಾಣಂತಿಗೆ ನಾಟಿಕೋಳಿ ಸಾರು ಇಂದಿಗೂ ನಡೆದಿವೆ. ಬರೆದವರು ಪಂಡಿತರು, ಮದ್ದು ಮಾಡಿದವರು ಹೆಂಗಸರು. ಈ ಎರಡರ ನಡುವಿನ ಕಂದಕವನ್ನು ಮರೆತು ಮನೆಮದ್ದೆಲ್ಲ 'ಆಯುರ್ವೇದ'ವೆಂದು ಹಣೆಪಟ್ಟಿ ಹಚ್ಚುವ ಈಚಿನ ರೂಢಿ ಚರಿತ್ರೆಗೆ ನ್ಯಾಯ ಮಾಡುವುದಿಲ್ಲ.

ಹೆಂಗಸರ ಕೈಯ ಮದ್ದಿನಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಕೂಸಿನದು. ಎಣ್ಣೆನೀರು ಹಾಕಿದ ಮೇಲೆ ತೇಯುವ ಕಲ್ಲು ಹೊರಬರುತ್ತದೆ. ಪಕ್ಕದ ತಟ್ಟೆಯಲ್ಲಿ ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ, ಹಿಪ್ಪಲಿ, ಒಣಶುಂಠಿ. ಬಜೆಯನ್ನು ಹರಳೆಣ್ಣೆ ದೀಪಕ್ಕೆ ಹಿಡಿದು ಸುಟ್ಟು, ಕಲ್ಲಿನ ಮೇಲೆ ಎದೆಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ಬಿಟ್ಟು ತೇಯುತ್ತಾರೆ. ಇಲ್ಲಿ ಅಳತೆ ತೂಕದಲ್ಲಿಲ್ಲ, ಸುತ್ತಿನಲ್ಲಿದೆ: ಎಳೆಗೂಸಿಗೆ ಒಂದೊಂದೇ ಸುತ್ತು, ಬೆಳೆದಂತೆ ಎರಡು, ಮೂರು. ಬಂದ ಗಂಧವನ್ನು ಬೆರಳ ತುದಿಯಲ್ಲಿ ನಾಲಗೆಗೆ ಸವರುತ್ತಾರೆ. ಗಟ್ಟಿ ಕಾಯಿ ನುಣುಪು ಕಲ್ಲಿನ ಮೇಲೆ ಒಂದು ಸುತ್ತಿಗೆ ಬಿಡುವುದು ಅತ್ಯಲ್ಪ. ಅಂದರೆ ಮದ್ದು ಮಿತಿಮೀರದಂತೆ ಕಲ್ಲೇ ತಡೆಯುತ್ತಿತ್ತು. ಅವೇ ಸಾಮಾನುಗಳನ್ನು ಪುಡಿ ಮಾಡಿ ಡಬ್ಬಿಯಲ್ಲಿ ಮಾರುವ ಇಂದಿನ ವ್ಯವಸ್ಥೆಯಲ್ಲಿ ಆ ತಡೆ ಕಳಚಿಬಿದ್ದಿದೆ. ಇದು ಸಣ್ಣ ಮಾತಲ್ಲ. ಬಜೆಯಲ್ಲಿರುವ ಬೀಟಾ-ಅಸರೋನ್ ಪ್ರಯೋಗಾಲಯದ ಇಲಿಗಳಲ್ಲಿ ಗಡ್ಡೆಗೆ ಕಾರಣವಾದದ್ದರಿಂದ 1968ರಲ್ಲಿ ಅಮೆರಿಕ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಜಾಯಿಕಾಯಿ ಹೆಚ್ಚಾದರೆ ಮಂಪರು, ಇನ್ನೂ ಹೆಚ್ಚಾದರೆ ವಿಷ. ಕೆಲವು ಮನೆಗಳಲ್ಲಿ ಗಂಧಕ್ಕೆ ಜೇನು ಬೆರೆಸುವುದುಂಟು. ವರ್ಷ ತುಂಬದ ಮಗುವಿಗೆ ಬಾಟ್ಯುಲಿಸಂ ತಗಲಬಹುದೆಂದು ಮಕ್ಕಳ ವೈದ್ಯರು ಜೇನನ್ನು ಸ್ಪಷ್ಟವಾಗಿ ಬೇಡವೆನ್ನುತ್ತಾರೆ.

ಆ ತಟ್ಟೆಯನ್ನು ಇತಿಹಾಸಕಾರ ಇನ್ನೊಂದು ಬಗೆಯಲ್ಲೂ ಓದಬೇಕು. ಮಾಚಿಕಾಯಿ ನಮ್ಮ ಯಾವ ಮರದ ಕಾಯಿಯೂ ಅಲ್ಲ. ಇರಾನ್, ತುರ್ಕಿ ಕಡೆಯ ಓಕ್ ಮರದಲ್ಲಿ ಕೀಟ ಚುಚ್ಚಿದ್ದರಿಂದ ಏಳುವ ಗಂಟು ಅದು. ಜಾಯಿಕಾಯಿ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇಂಡೋನೇಷ್ಯಾದ ಬಾಂಡಾ ದ್ವೀಪಗಳದೇ ಸೊತ್ತು. ಹೊಟ್ಟೆನೋವಿಗೆ ಮಗುವಿನ ಹೊಕ್ಕುಳ ಸುತ್ತ ಹಚ್ಚುವ ಇಂಗು ಬರುವುದು ಅಫ್ಘಾನಿಸ್ತಾನ, ಇರಾನುಗಳಿಂದ. ಹಳ್ಳಿಯ ಬಾಣಂತಿಕೋಣೆಗೆ ಸಮುದ್ರವ್ಯಾಪಾರ ತಲುಪಿತ್ತು. ಹಿತ್ತಲ ಗಿಡವೇ ಮನೆಮದ್ದು ಎಂಬುದು ಅರ್ಧ ಸತ್ಯ, ಉಳಿದರ್ಧ ಸಂತೆಯ ಗಂಧಿಗೆ ಅಂಗಡಿಯಲ್ಲಿತ್ತು.

ಬಾಟಲಿಗಳ ಕಾಲ ಬಂದದ್ದು ಆಮೇಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ 1851ರಲ್ಲಿ ಹುಟ್ಟಿದ ಗ್ರೈಪ್ ವಾಟರ್‌ನ ಮುಖ್ಯ ದ್ರವ್ಯ ಸಬ್ಬಸಿಗೆ ಎಣ್ಣೆ. ಅದರ ಹಳೆಯ ಪಾಕದಲ್ಲಿ ಮದ್ಯಸಾರವೂ ಇತ್ತು. ನಾಗೇಶ್ವರರಾವ್ ಪಂತುಲು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ತಲೆನೋವಿನ ಪಟ್ಟುಗಳನ್ನು ಮೂಲೆಗೆ ತಳ್ಳಿತು. ನಮ್ಮ ಅಡುಗೆಮನೆಯ ಓಮ ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನಿಗೆ ಹೋಗಿ ಥೈಮಾಲ್ ಆಗುತ್ತಿತ್ತು. ಆ ಕಾಲದಲ್ಲಿ ಕೊಕ್ಕೆಹುಳದ ಮುಖ್ಯ ಔಷಧ ಅದೇ. ಅಜ್ಜಿಯ ಡಬ್ಬಿಗೂ ಕಾರ್ಖಾನೆಗೂ ನಡುವೆ ದಾರಿ ಎರಡೂ ಕಡೆಗೆ ತೆರೆದಿತ್ತು.

ಮನೆಮದ್ದಿಗೆ ಗುಣದ ಹೆಸರು ಬರುವುದು ಹೇಗೆ? ಕಾಮಾಲೆ ಇದಕ್ಕೆ ತಕ್ಕ ಉದಾಹರಣೆ. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಾಲಿನಲ್ಲಿ ಕದಡಿ ಬೆಳಿಗ್ಗೆ ಬರಿಹೊಟ್ಟೆಗೆ ಕೊಡುತ್ತಾರೆ. ಜೊತೆಗೆ ಎಣ್ಣೆ, ಖಾರ ಬಿಟ್ಟ ಕಟ್ಟುನಿಟ್ಟಿನ ಪಥ್ಯ. ಕಾಮಾಲೆಯ ಸಾಮಾನ್ಯ ಕಾರಣಗಳಲ್ಲೊಂದಾದ ಹೆಪಟೈಟಿಸ್-ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಪಥ್ಯದ ಅವಧಿ ಮುಗಿಯುವುದೂ ಕಣ್ಣಿನ ಹಳದಿ ಹೋಗುವುದೂ ಒಟ್ಟಿಗೇ ಆದರೆ ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಹಾಗೆಂದು ವಿಜ್ಞಾನ ಅದನ್ನು ತಿರುಗಿ ನೋಡದೆ ಬಿಡಲಿಲ್ಲ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲನೆಲ್ಲಿ ಸೇವಿಸಿದ 37 ಹೆಪಟೈಟಿಸ್-ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಕುರುಹು ಮರೆಯಾಗಿತ್ತು. ಹುಸಿಮಾತ್ರೆ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಎಲ್ಲೆಡೆ ಸಂಭ್ರಮ. ಬೇರೆ ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ನಾಟಿವೈದ್ಯದ ಅಭಿಮಾನಿಗಳು ಮೊದಲ ಅರ್ಧವನ್ನು ಮಾತ್ರ ಉಲ್ಲೇಖಿಸುತ್ತಾರೆ, ವಿರೋಧಿಗಳು ಎರಡನೆಯದನ್ನು.

ಅರಿಸಿನದ ಕಥೆ ಇದಕ್ಕಿಂತ ಪ್ರಸಿದ್ಧ. ಗಾಯ ಮಾಯಿಸಲು ಅರಿಸಿನ ಬಳಸುವುದಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ ತಕರಾರು ಸಲ್ಲಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಇಲ್ಲಿ ಗಮನಿಸಬೇಕಾದ್ದು ಸಾಕ್ಷ್ಯದ ಬಗೆ. ಮಂಡಿ ತರಚಿದ ಮಗುವಿಗೆ ಅರಿಸಿನ ಒತ್ತಿದ ಕೋಟ್ಯಂತರ ತಾಯಂದಿರ ರೂಢಿ ಪೇಟೆಂಟ್ ಕಚೇರಿಗೆ ಸಾಲಲಿಲ್ಲ. ಹಳೆಯ ಗ್ರಂಥಗಳನ್ನೂ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರ 1953ರ ಲೇಖನವನ್ನೂ ಮುಂದಿಡಬೇಕಾಯಿತು. ಬರೆಯದೆ ಬಾಯಿಂದ ಬಾಯಿಗೆ ಬಂದ ಏಡಿಸಾರಿನಂಥವಕ್ಕೆ ಅಂಥ ರಕ್ಷಣೆ ಎಲ್ಲಿಂದ ಬರಬೇಕು?

ಮನೆಮದ್ದು ಊರಹಬ್ಬವೇ ಆಗಿರುವುದು ತುಳುನಾಡಿನಲ್ಲಿ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದರ ರಸಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಮುಳುಗಿಸಿ ಬರಿಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಕಹಿಯ ಉರಿ ತಣಿಸಲು ಮೆಂತ್ಯದ ಗಂಜಿ. ಮಲೇರಿಯಾದ ಸೀಮೆಯಲ್ಲಿ ಇದು ಬೇರೂರಿದ್ದು ಆಕಸ್ಮಿಕವಿರಲಾರದು. ಬ್ರಿಟಿಷರು 1868ರ 'ಫಾರ್ಮಕೋಪಿಯ ಆಫ್ ಇಂಡಿಯಾ'ದಲ್ಲಿ ಇದೇ ತೊಗಟೆಗೆ ಜ್ವರನಿವಾರಕವೆಂದು ಜಾಗ ಕೊಟ್ಟಿದ್ದರು. ಆದರೆ ಕ್ವಿನೈನಿಗೆ ಅದು ಸಾಟಿಯಾಗಲಿಲ್ಲ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಕೈಗೆ ಬಂದರೆ ಅದರೊಳಗಿನ ಸ್ಟ್ರಿಕ್ನಿನ್ ಜೀವ ತೆಗೆಯಬಲ್ಲದು. ಮುನ್ನಾದಿನ ಹಗಲಿನಲ್ಲೇ ಹೋಗಿ ಮರ ಗುರುತು ಮಾಡಿ ಬರುವ ಪದ್ಧತಿ ಇರುವುದು ಬಹುಶಃ ಇದಕ್ಕೇ. ಈಗ ನಗರಗಳಲ್ಲಿ ಸಂಘಸಂಸ್ಥೆಗಳು ಕಷಾಯ ಕಾಸಿ ಸಾರ್ವಜನಿಕವಾಗಿ ಹಂಚುತ್ತವೆ. ಸಾಲಿನಲ್ಲಿ ನಿಂತು ಕುಡಿಯುವವರಲ್ಲಿ ಹಾಲೆಮರವನ್ನು ಎಲೆ ನೋಡಿ ಹೇಳಬಲ್ಲವರು ಕಡಿಮೆ. ಹಬ್ಬ ನಡೆಸಲು ಊರಿಗೆ ಇನ್ನೂ ಒಬ್ಬಿಬ್ಬರು ಅಂಥವರು ಬೇಕೇಬೇಕು.