ಬಂದೂಕು ಯಾರ ಕೈಯಲ್ಲಿ?

1824ರಲ್ಲಿ ಕಿತ್ತೂರಿನವರ ಗುಂಡಿಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಲಿಯಾದ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ಸೀಮೆಯ ನಂದಗಡದಲ್ಲಿ ಗಲ್ಲಿಗೇರಿಸಿದರು. ಆಗಿನ್ನೂ ನಮ್ಮ ಹಳ್ಳಿಗರಿಗೆ ಆಯುಧವೆಂದರೆ ನೇಗಿಲಿನಂತೆ ಮನೆಯ ಸಾಮಾನು. 1857ರ ನಿಶ್ಶಸ್ತ್ರೀಕರಣ ಕಾನೂನಿಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಮಣಿಯಲಿಲ್ಲ. ಕಂಪನಿ ಸೈನ್ಯ ಅವರ ಊರನ್ನೇ ಸುಟ್ಟಿತು.

1878ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿ, ಹೌದು, ಅಹಿಂಸೆಯ ಗಾಂಧೀಜಿಯೇ, ಜನರ ಆಯುಧ ಕಸಿದ ಈ ಕಾಯ್ದೆಯನ್ನು ಕಟುವಾಗಿ ಖಂಡಿಸಿದ್ದರು. ಇಡೀ ಜನತೆಯನ್ನು ಶಂಕಿತರೆಂದು ಕಂಡ ಅವಮಾನ ಅವರನ್ನು ಚುಚ್ಚಿರಬೇಕೆಂದು ನಾವು ಭಾವಿಸುತ್ತೇವೆ. 1931ರ ಕರಾಚಿ ಅಧಿವೇಶನ ನಿಯಮಗಳಿಗೊಳಪಟ್ಟು ಆಯುಧ ಹೊಂದುವುದನ್ನು ಹಕ್ಕೆಂದಿತು. ಸಂವಿಧಾನದಲ್ಲಿ ಅದು ಸೇರಲಿಲ್ಲ. ವಿಭಜನೆಯ ರಕ್ತಪಾತ ಕಂಡ ದೇಶ ಹಾಗೆ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ.

ಆದರೆ ಖಾನಾಪುರದ ಕಾಡಂಚಿನ ರೈತನ ಮಾತೇ ಬೇರೆ. 1959ರ ಕಾಯ್ದೆ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಅವಕಾಶವಿಟ್ಟಿತು. 1972ರ ವನ್ಯಜೀವಿ ಕಾಯ್ದೆಯ ನಂತರ ಅನುಮತಿಯಿಲ್ಲದೆ ಹಂದಿ ಕೊಂದರೆ ಅವನೇ ಆರೋಪಿ. ಗಾಳಿಗೆ ಹಾರಿಸಿ ಬೆದರಿಸಬೇಕಷ್ಟೆ. ಚುನಾವಣೆ ಬಂದರೆ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಾಗಿ ಬರುವುದುಂಟು. ಬೆಳಗಾವಿ ನಗರದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಬಯಸುವವನಿಗಿರುವುದು ಮನುಷ್ಯರ ಭಯ. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದಿತು. ಒಂದೇ ಹಳೆಯ ಕೋವಿಯಿರುವ ರೈತನಿಗೆ ಅದರಿಂದ ನಷ್ಟವೂ ಇಲ್ಲ, ಹಂದಿಯ ಕಾಟದಿಂದ ಬಿಡುಗಡೆಯೂ ಇಲ್ಲ.