ಪೇಂಟ್ ಪ್ರೊಟೆಕ್ಷನ್ ಫಿಲ್ಮ್: ಇತಿಹಾಸ

ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಬಳಕೆಯಲ್ಲಿ ಪಿಪಿಎಫ್: ಮುಂದಿನ ವಾಹನದ ಚಕ್ರದಿಂದ ಸಿಡಿಯುವ ಜಲ್ಲಿ, ಮರಳು ತಾಗಿ ಕಾರಿನ ಬಣ್ಣ ಚಕ್ಕೆ ಏಳದಂತೆ ಅಂಟಿಸುವ ಪಾರದರ್ಶಕ ಪಾಲಿಯುರೆಥೇನ್ ಹಾಳೆ. ಇದರ ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಕಾರ್ಖಾನೆಯ ಬಣ್ಣದ ಪದರಗಳೆಲ್ಲ ಸೇರಿದರೂ ಹೆಚ್ಚೂಕಡಿಮೆ 100ರಿಂದ 150 ಮೈಕ್ರಾನ್ ಆಗುತ್ತವೆ.

ಫಿಲ್ಮ್‌ಗೆ ಮುಂಚಿನ ಉಪಾಯಗಳು ಹಲವು. ಮಡ್‌ಫ್ಲ್ಯಾಪ್ ಎಲ್ಲರಿಗೂ ಗೊತ್ತಿರುವುದೇ. ಪೋರ್ಶೆ 1975ರ 911 ಟರ್ಬೊದ ಹಿಂಬದಿಯ ಅಗಲ ಫೆಂಡರ್‌ಗಳಿಗೆ ಕಪ್ಪು ಕಲ್ಲುತಡೆ ಹಚ್ಚಿತ್ತು. ಅಮೆರಿಕದಲ್ಲಿ ಕಾರಿನ ಮೂತಿಗೆ ರೆಕ್ಸಿನ್‌ನಂಥ ಹೊದಿಕೆ ತೊಡಿಸುವ ರೂಢಿಯಿತ್ತು. ಅದು ಕಲ್ಲನ್ನೇನೋ ತಡೆಯುತ್ತಿತ್ತು. ಆದರೆ ಅಡಿಯಲ್ಲಿ ನೀರು, ದೂಳು ಸಿಕ್ಕಿಕೊಂಡು, ಗಾಳಿಗೆ ಪಟಪಟಿಸಿ, ಕಾಯಬೇಕಾದ ಬಣ್ಣವನ್ನೇ ಉಜ್ಜುತ್ತಿತ್ತು.

ಫಿಲ್ಮ್‌ನ ಹುಟ್ಟನ್ನು ಬಹುತೇಕ ಬರಹಗಳು ವಿಯೆಟ್ನಾಂ ಯುದ್ಧಕ್ಕೆ ಜೋಡಿಸುತ್ತವೆ: ಹೆಲಿಕಾಪ್ಟರ್ ರೋಟರ್ ಅಲಗುಗಳ ಅಂಚು ಮರಳಿಗೆ ಸವೆಯದಿರಲೆಂದು 3ಎಂ ಕಂಪನಿ ಪಾಲಿಯುರೆಥೇನ್ ಟೇಪ್ ಮಾಡಿತು, ಅದು ರೇಸ್ ಕಾರುಗಳಿಗೂ ಅಲ್ಲಿಂದ ಮನೆಯ ಕಾರುಗಳಿಗೂ ಬಂತು ಎಂದು. ಇಷ್ಟು ನೇರ ವಂಶಾವಳಿ ದಾರಿ ತಪ್ಪಿಸುತ್ತದೆ. ಅಲಗಿಗೆ ಗಟ್ಟಿತನ ಸಾಕು, ಅಂದ ಬೇಕಿಲ್ಲ. ಕಾರಿಗೆ ಎರಡೂ ಬೇಕು. ಆರೊಮ್ಯಾಟಿಕ್ ಐಸೊಸಯನೇಟ್‌ನಿಂದ ಮಾಡಿದ ಪಾಲಿಯುರೆಥೇನ್ ಬಿಸಿಲಿಗೆ ಹಳದಿಯಾಗುತ್ತದೆ; ಬಿಳಿ ಕಾರಿನ ಮೇಲೆ ಅಂಥ ಹಾಳೆಯನ್ನು ಯಾರು ಹಚ್ಚಿಸಿಕೊಂಡಾರು? ಬೇಗ ಹಳದಿಗಟ್ಟದ ಅಲಿಫ್ಯಾಟಿಕ್ ಬಗೆಯೇ ಇಂದಿನ ಫಿಲ್ಮ್‌ನ ತಳಹದಿ. ನಿಜವಾದ ತಿರುವನ್ನು ಯುದ್ಧಭೂಮಿಗಿಂತ ಈ ರಸಾಯನದಲ್ಲಿ ಹುಡುಕುವುದು ಸರಿ.

ಮುಂದಿನ ತೊಡಕು ಕತ್ತರಿಸುವುದರದು. ಕಾರಿನ ಮೇಲೇ ಹಾಳೆ ಹಾಸಿ ಬ್ಲೇಡ್ ಆಡಿಸಿದರೆ ಬಣ್ಣ ಗೀರುವ ಭಯ. 1997ರಲ್ಲಿ ಟೆಕ್ಸಸ್‌ನಲ್ಲಿ ಶುರುವಾದ ಎಕ್ಸ್‌ಪೆಲ್ ಮೊದಲು ಮಾರಿದ್ದು ಫಿಲ್ಮನ್ನಲ್ಲ, ಪ್ರತಿ ಮಾದರಿಯ ಕಾರಿಗೂ ಹೊಂದುವ ಅಚ್ಚುಗಳನ್ನು, ಹಾಳೆಯನ್ನು ಮೊದಲೇ ಕತ್ತರಿಸಿಡುವ ಪ್ಲಾಟರ್ ಯಂತ್ರಕ್ಕೆ ಒದಗಿಸುವ ಸಾಫ್ಟ್‌ವೇರನ್ನು. ಅದೇ ಕಂಪನಿ 2011ರಲ್ಲಿ, ಬಿಸಿಲು ಅಥವಾ ಬಿಸಿನೀರು ತಾಗಿದರೆ ಸಣ್ಣ ಗೀರು ತಾನಾಗಿ ಮಾಯುವ ಮೇಲ್ಪದರದ ಫಿಲ್ಮ್ ತಂದಿತು. ಮಾಯುವುದು ಮೇಲ್ಪದರದ ಗೀರು ಮಾತ್ರ. ಕಲ್ಲು ಹರಿದ ಜಾಗ ಹಾಗೇ ಉಳಿಯುತ್ತದೆ. ಬಹುಪದರ ಪಾಲಿಯುರೆಥೇನ್ ಫಿಲ್ಮ್‌ನ ಪೇಟೆಂಟ್ ಹಿಡಿದು 3ಎಂ 2015ರಲ್ಲಿ ಎಕ್ಸ್‌ಪೆಲ್ ವಿರುದ್ಧ ದಾವೆ ಹೂಡಿತು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಮಾರಾಟದ ಮಾತಿನಲ್ಲಿ ಸೆರಾಮಿಕ್ ಕೋಟಿಂಗನ್ನೂ ಫಿಲ್ಮ್‌ನ ಸಾಲಿಗೆ ಸೇರಿಸುವುದುಂಟು. ಕೆಲವೇ ಮೈಕ್ರಾನ್ ದಪ್ಪದ ಆ ಲೇಪ ನೀರು, ಕೊಳೆ ಜಾರಿಸುತ್ತದೆ, ಕಲ್ಲಿನ ಹೊಡೆತ ತಡೆಯುವುದಿಲ್ಲ. ಬೆಂಗಳೂರಿನ ಡೀಟೇಲಿಂಗ್ ಅಂಗಡಿಗಳಲ್ಲೂ ಎರಡೂ ಒಟ್ಟಿಗೇ ಸಿಗುತ್ತವೆ. ಪಿವಿಸಿ ಹಾಳೆಯೂ ಪಿಪಿಎಫ್ ಎಂಬ ಹೆಸರಲ್ಲೇ ಅಗ್ಗಕ್ಕೆ ಬಿಕರಿಯಾಗುತ್ತದೆ. ಕಲ್ಲಿನ ಹೊಡೆತ ತಡೆಯುವ ಶಕ್ತಿಯನ್ನು ಅಳೆಯಲು ಎಸ್‌ಎಇ ಜೆ400 ಎಂಬ ಪರೀಕ್ಷೆಯಿದೆ: ಒತ್ತಿದ ಗಾಳಿಯಿಂದ ಜಲ್ಲಿಯನ್ನು ಫಲಕಕ್ಕೆ ಎರಚಿ, ಎದ್ದ ಚಕ್ಕೆಗಳ ಸಂಖ್ಯೆಗೆ 10ರಿಂದ 0ವರೆಗೆ ಅಂಕವನ್ನೂ ಗಾತ್ರಕ್ಕೆ ಅಕ್ಷರವನ್ನೂ ಕೊಡುತ್ತಾರೆ.